ಕಳಸಾ ಬ್ಯಾರೆ, ಬಂಡೂರಿ ಬ್ಯಾರೆ

ನಮ್ಮೂರ ಕಡೆ, ಅಂದ್ರ ಬದಾಮಿ ತಾಲೂಕಿನ ಮಲಪ್ರಭಾ ದಂಡಿ ಹಳ್ಳಿಗಳಾಗ, ಯಾರನ್ನ ಬೇಕಾದ್ರೂ ಹಿಡದು ಕೇಳ್ರಿ, ಕಳಸಾ-ಬಂಡೂರಿ ಅಂದ್ರ ಗೊತ್ತು. ಶಾಲಿ ಮೆಟ್ಟಿಲು ಹತ್ತದ ಆಯಿಗೂ ಗೊತ್ತು, ಎಲೆಕ್ಷನ್ ಬಂದಾಗ ಜೀಪಿನ ಹಿಂದ ಓಡೋ ಹುಡುಗ್ರಿಗೂ ಗೊತ್ತು. ಆದ್ರ ಅದು ಎಲ್ಲೈತಿ, ಒಂದೋ ಎರಡೋ, ಹೊಳಿನೋ ಹಳ್ಳಾನೋ ಡ್ಯಾಮೋ ಅಂತ ಮುಂದಿನ ಪ್ರಶ್ನೆ ಹಾಕಿದ್ರ ಮಾತು ಅಲ್ಲಿಗೇ ನಿಂತು ಬಿಡ್ತೈತಿ. "ಗೋವಾದಾಗ ಐತಿ" ಅಂತಾರ ಕೆಲವ್ರು, "ಬೆಳಗಾವಿ ಮ್ಯಾಲೆ ಎಲ್ಲೋ" ಅಂತಾರ ಇನ್ನ ಕೆಲವ್ರು. ಒಬ್ಬ ಡಿಗ್ರಿ ಓದಿದ ಹುಡುಗ "ಅದು ಯೋಜನೆ ಹೆಸರ್ರೀ" ಅಂದ. ಅಂವ ಹೇಳಿದ್ದ ಎಲ್ಲಾರಿಗಿಂತ ಖರೇ ಅನಸ್ತದ. ಯಾಕಂದ್ರ ನಮ್ಮ ಕಡೆ ಈ ಎರಡು ಹೆಸರು ಬಂದದ್ದು ಭೂಗೋಳದ ಪುಸ್ತಕದಿಂದ ಅಲ್ಲ, ಘೋಷಣೆಯಿಂದ. ನಡುವ ಒಂದು ಸಣ್ಣ ಗೆರಿ ಹಾಕಿ ಎರಡು ಹಳ್ಳ ಕೂಡ್ಸಿ ಒಂದು ಹೆಸರು ಮಾಡಿದ್ವಿ, ಆಮೇಲೆ ಆ ಗೆರಿನೂ ಅಳಿಸಿ ಹೋತು.

ಖರೇ ಹೇಳಬೇಕಂದ್ರ ಕಳಸಾ ಬ್ಯಾರೆ, ಬಂಡೂರಿ ಬ್ಯಾರೆ. ಎರಡೂ ಬೆಳಗಾವಿ ಜಿಲ್ಲಾ ಖಾನಾಪುರ ತಾಲೂಕಿನಾಗ ಹುಟ್ತಾವ, ಅಷ್ಟಕ್ಕ ಸಂಬಂಧ ಮುಗೀತು. ಕಳಸಾ ನೋಡಬೇಕಂದ್ರ ಜಾಂಬೋಟಿ ದಾಟಿ ಚೋರ್ಲಾ ಘಾಟ್ ರಸ್ತೆ ಹಿಡದು ಕಣಕುಂಬಿಗೆ ಹೋಗಬೇಕು. ಬಂಡೂರಿ ಬೇಕಂದ್ರ ಖಾನಾಪುರದಿಂದ ಹೆಮ್ಮಡಗಾ ರಸ್ತೆಗೆ ತಿರುಗಿ ನೇರಸೆ ಕಡೆ ಹೋಗಬೇಕು. ನಡುವ ಅಡವಿ, ಗುಡ್ಡ. ಒಂದರ ದಂಡಿಗೆ ನಿಂತು ಇನ್ನೊಂದನ್ನ ಕೈ ಮಾಡಿ ತೋರಸಾಕ ಆಗೂದಿಲ್ಲ. ಎರಡೂ ನಮ್ಮ ಮಲಪ್ರಭಾಗ ಕೂಡೂ ಹಳ್ಳ ಅಲ್ಲ, ಪಶ್ಚಿಮಕ್ಕ ಇಳದು ಗೋವಾಕ್ಕ ಹೋಗೂ ಮಹದಾಯಿ ಬಳಗದವು. ಕೂಡೂದಿಲ್ಲ ಅಂತನೇ ಕೂಡಸ್ರಿ ಅಂತ ಹೋರಾಟ. ಈ ಒಂದು ಮಾತು ಗೊತ್ತಿರದನ ಎಷ್ಟೋ ಮಂದಿ ಬಂದ್ ದಿನ ರಸ್ತೆಗೆ ಟೈರ್ ಸುಟ್ಟಾರ. ಅದಕ್ಕ ಅವ್ರನ್ನ ಹಂಗಸೂದಿಲ್ಲ ನಾನು. ಕುಡ್ಯಾಕ ನೀರಿಲ್ಲದಾಂವಗ ನಕಾಶಿ ಓದ್ಕೊಂಡು ಬಾ ಅನ್ನೂದು ಸೊಕ್ಕಿನ ಮಾತಾಕ್ಕೈತಿ. ಆದ್ರೂ ಈ ಹೆಸರಿನ ಸುದ್ದಿ ತಲ್ಯಾಗ ಕೊರಿಯಾಕ ಹತ್ತಿ ಭಾಳ ದಿನ ಆತು, ಬರದು ಕೆಳಗ ಇಟ್ರ ಹಗುರ ಆಗಬಹುದು ಅಂತ ಕುಂತೇನಿ.

ಹೊಟ್ಟಿಪಾಡಿಗೆ ನಾ ಇರೂದು ಬೆಳಗಾವಿಯೊಳಗ. ಊರಿಗೆ ಹೋದ್ರ ಒಣ ಹೊಳಿ, ಇಲ್ಲಿ ಜೂನ್ ಹತ್ತಿದ್ರ ಛತ್ರಿ ಬಿಡೂ ಹಂಗಿಲ್ಲ. ಒಂದೇ ಹೊಳಿ ನೀರಿನ ಎರಡು ತುದಿ ಅಂತ ಅನಸೂದೇ ಇಲ್ಲ. ಊರಾಗ ಮಲಪ್ರಭಾಕ್ಕ ಯಾರೂ ಮಲಪ್ರಭಾ ಅನ್ನೂದಿಲ್ಲ, ಬರೇ "ಹೊಳಿ" ಅಂತಾರ. ಹೊಳಿಗೆ ಹೋಗಿ ಬಂದೆ, ಹೊಳಿ ಬಂದೈತಿ, ಹೊಳಿ ಇಳದೈತಿ. ಬ್ಯಾರೆ ಹೊಳಿ ಎದುರಿಗೆ ಇದ್ದರ ತಾನ ಹೆಸರು ಬೇಕು! ಹೆಸರು ಹತ್ತೂದು ಅದು ಊರು ಬಿಟ್ಟು ಆಫೀಸಿಗೆ ಹೋದಾಗ, ಕೋರ್ಟಿಗೆ ಹೋದಾಗ, ಇಲ್ಲಾ ಸೋಯರಿಗೆ ನಾವು ಯಾವ ಕಡೇವ್ರು ಅಂತ ಹೇಳೂ ಪ್ರಸಂಗ ಬಂದಾಗ.

ಕಣಕುಂಬಿ ಚಾದಂಗಡ್ಯಾಗ

ದೀಪಾವಳಿ ಮುಗದ ಮ್ಯಾಲೆ, ಮಳಿ ನಿಂತು ಅಡವಿ ಇನ್ನ ಹಸರ ಇರೂ ಹೊತ್ತಿನ್ಯಾಗ, ಖಾನಾಪುರದ ದೋಸ್ತನ ಬೈಕಿನ ಹಿಂದ ಕುಂತು ಕಣಕುಂಬಿಗೆ ಹೋಗಿದ್ದೆ. ಅಲ್ಲಿ ಮಾವುಲಿ ದೇವಿ ಗುಡಿ ಐತಿ. ಮಲಪ್ರಭಾ ಹುಟ್ಟೂದು ಇಲ್ಲೇ, ಸಮುದ್ರ ಮಟ್ಟದಿಂದ ಸುಮಾರು 792 ಮೀಟರ್ ಎತ್ತರಕ್ಕ. ಇಲ್ಲಿಂದ ಖಾನಾಪುರ, ಎಂ.ಕೆ. ಹುಬ್ಬಳ್ಳಿ, ನವಿಲುತೀರ್ಥ, ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲು, ಐಹೊಳಿ ಅಂತ ಸುತ್ತ್ಯಾಡಿ 300 ಕಿಲೋಮೀಟರ್ ಹರದು ಕೂಡಲಸಂಗಮದಾಗ ಕೃಷ್ಣಾಕ್ಕ ಕೂಡ್ತೈತಿ, ಅಲ್ಲಿಂದ ಪೂರ್ವ ಸಮುದ್ರಕ್ಕ. ನಮ್ಮ ಹೊಳಿ ಹುಟ್ಟೂ ಜಾಗ ನೋಡಿ ಕೈ ಮುಗದು ಬಂದು ಚಾದಂಗಡ್ಯಾಗ ಕುಂತಾಗ ಅಲ್ಲೇ ಬೆಂಚಿನ ಮ್ಯಾಲೆ ಟೋಪಿ ಹಾಕ್ಕೊಂಡು ಕುಂತಿದ್ದ ಒಬ್ಬ ಮುದುಕರ ಜೋಡಿ ಮಾತು ಹತ್ತಿತು. ಅವರದು ಮರಾಠಿ, ನನ್ನ ಮರಾಠಿ ಬಜಾರದ ಮಟ್ಟದ್ದು, ಅವರ ಕನ್ನಡ ನನ್ನ ಮರಾಠಿಕ್ಕಿಂತ ಎಷ್ಟೋ ಚಲೋ.

"ಅಜ್ಜಾರ, ಮಹದಾಯಿ ಎಲ್ಲೈತ್ರಿ?" ಅಂದೆ.

"ಇಲ್ಲಿಲ್ಲ" ಅಂದ್ರು. "ಮ್ಹಾದೈ ಭೀಮಗಡದ ಕಡೆ. ದೇಗಾಂವ್, ಗವಾಳಿ, ಆ ಕಡೆ ಹೋಗ್ರಿ. ಇಲ್ಲಿರೂದು ಕಳಸಾ."

"ಅದೂ ಮಹದಾಯಿನೇ ಅಲ್ಲೇನ್ರಿ? ಕೆಳಗ ಹೋಗಿ ಅದಕ್ಕ ಕೂಡ್ತೈತಲ್ಲ?"

ಅಜ್ಜಾರು ಬಸಿ ಕೆಳಗಿಟ್ರು. "ಕೆಳಗ ಗೋವಾದಾಗ ಯಾವುದಕ್ಕ ಕೂಡ್ತೈತೋ ನಮಗೇನ್ರಿ. ಇಲ್ಲಿ ಅದು ಕಳಸಾ."

ದೋಸ್ತ ನಕ್ಕ. ನನಗ ನಗಿ ಬರಲಿಲ್ಲ, ಯಾಕಂದ್ರ ಈ ಮಾತಿನ್ಯಾಗ ನಾ ಹುಡುಕೂದರ ಅರ್ಧ ಇತ್ತು. ಆಮೇಲೆ ಅವರು ಹೇಳ್ಕೋತ ಹೋದ್ರು, ನಾ ಕೇಳ್ಕೋತ ಕುಂತೆ. ಕಳಸಾ ಅಂದ್ರೂ ಅದಕ್ಕ ಒಂದೇ ಹೆಸರು ಅಲ್ಲಂತ. ಎಮ್ಮಿ ಮೈ ತೊಳಿಯೂ ಮಡುವಿಗೆ ಒಂದು ಹೆಸರು, ಹಳೇ ಮಾವಿನ ಗಿಡದ ತಿರುವಿಗೆ ಒಂದು, ಒಬ್ಬ ಮನಶ್ಯಾ ಹರದು ಹೋಗಿದ್ದ ಜಾಗಕ್ಕ ಇನ್ನೊಂದು. ಮಗ್ಗಲದ ಊರಿನವ್ರಿಗೆ ಆ ಹೆಸರೂ ಗೊತ್ತಿರಲಿಕ್ಕಿಲ್ಲ ಅಂದ್ರು. ಹಳತರಾ ಬ್ಯಾರೆ, ಸುರ್ಲಾ ಬ್ಯಾರೆ ಅಂತ ಬೆರಳ ಮಡಚಿ ಎಣಿಸಿದ್ರು. ಎಲ್ಲಾ ಸೇರಿ ಒಂದು ಹೊಳಿ, ಅದರದು ಒಂದು ದೊಡ್ಡ ಹೆಸರು ಅನ್ನೂ ಲೆಕ್ಕನೇ ಅವರ ಬಾಯಾಗ ಬರಲಿಲ್ಲ. ನಮ್ಮೂರಾಗ ಹೊಳಿಗೆ "ಹೊಳಿ" ಅಂತ ಬಿಟ್ಟಂಗ ಇಲ್ಲಿ ಹೆಸರಿನ ಮ್ಯಾಲೆ ಹೆಸರು. ಮೊಣಕಾಲುದ್ದ ನೀರಿಗೆ ಇಷ್ಟು ಹೆಸರು, ನಮ್ಮ ಅರ್ಧ ಮೈಲಿ ಅಗಲದ ಉಸುಕಿಗೆ ಒಂದೂ ಇಲ್ಲ.

ಅಲ್ಲೇ ಹತ್ತರ ಕಳಸಾ ನೀರು ಮಲಪ್ರಭಾಕ್ಕ ತಿರಗಸಾಕ ಅಗದ ಕಾಲುವಿ ಐತಿ, ಸುಮಾರು 5 ಕಿಲೋಮೀಟರಿನದು. 2006ರಾಗ ಕೆಲಸಕ್ಕ ಕೈ ಹಚ್ಚಿದ್ರು, ಮುಂದ ಕೇಸು, ತಡೆ, ಮತ್ತ ಕೇಸು. ಕೆಂಪ ಮಣ್ಣು ಆಳಕ್ಕ ಸೀಳಿದ್ದು ನೋಡಿದಾಗ ತಿಳೀತು ಕಳಸಾ, ಮಲಪ್ರಭಾ ಎರಡೂ ಎಷ್ಟು ಹತ್ತರ ಹುಟ್ಟ್ಯಾವ ಅಂತ. ಹಿಂಗ ಹತ್ತರ ಇದ್ದದ್ದಕ್ಕನ ಯಾರಿಗೋ ತಿರಗಸೂ ವಿಚಾರ ಹೊಳದದ್ದು. ಬಂಡೂರಿ ಕಡೆ ಲೆಕ್ಕ ಬ್ಯಾರೆ, ಅಡವಿ ಬ್ಯಾರೆ, ಆದ್ರ ಫೈಲಿನ್ಯಾಗ ಎರಡಕ್ಕೂ ಒಂದ ದಾರ.

ನಾಲಾ ಅನ್ನಾವ್ರು, ನದಿ ಅನ್ನಾವ್ರು

ಆ ದಿನದಿಂದ ಪೇಪರ್ ಓದುವಾಗ ಒಂದು ಚಟ ಹತ್ತೇತಿ. ಯಾರು ಯಾವುದಕ್ಕ ಏನಂತಾರ ಅಂತ ಗೆರಿ ಎಳೀತೇನಿ. ನಮ್ಮ ಕಡೇವ್ರು, ಅಂದ್ರ ಕರ್ನಾಟಕದ ಮಂತ್ರಿ, ವಕೀಲ್ರು, ಇಂಜಿನಿಯರ್ರು, ಸದಾ ಅನ್ನೂದು "ಕಳಸಾ ನಾಲಾ, ಬಂಡೂರಿ ನಾಲಾ". ಬರೇ ನಾಲಾ. ಒಂದು ನಾಲಾದಾಗಿನ ಸ್ವಲ್ಪ ನೀರು ಕೇಳಿದ್ರ ಏನು ಗಂಟು ಹೋಗ್ತೈತಿ ಅನ್ನೂ ಧಾಟಿ. ಗೋವಾದವ್ರ ಬಾಯಾಗ ನಾಲಾ ಅನ್ನೂ ಶಬ್ದ ಹುಡುಕಿದ್ರೂ ಸಿಗೂದು ಕಡಿಮಿ. ಅವರು ಅನ್ನೂದು "ಮ್ಹಾದೈ ತಿರಗಸಾಕ ಹತ್ಯಾರ". ಅದೇ ನೀರು, ಅದೇ ಕಲ್ಲು. ನಾವು ಹಳ್ಳ ಅಂದ್ರ ಕೇಳೂದು ಸಣ್ಣದಾಗಿ ಕಾಣ್ತೈತಿ, ಅವರು ಹೊಳಿ ಅಂದ್ರ ಕೊಡೂದು ದೊಡ್ಡದಾಗಿ ಕಾಣ್ತೈತಿ. ಇದರಾಗ ಯಾರೂ ಸುಳ್ಳು ಹೇಳಾಕ ಹತ್ತಿಲ್ಲ ಅನ್ನೂದ ಮಜಾ. ಹಳ್ಳ ಕೂಡಿದ್ರ ತಾನ ಹೊಳಿ, ಹೊಳಿ ಬಿಡಿಸಿದ್ರ ಹಳ್ಳ.

ಹೊಳಿ ಯಾವುದು, ಅದಕ್ಕ ಕೂಡೂ ಹಳ್ಳ ಯಾವುದು ಅನ್ನೂದನ್ನ ನೀರು ಹೇಳೂದಿಲ್ಲ, ಮಂದಿ ಹೇಳ್ತಾರ. ಮಹದಾಯಿ ಹುಟ್ಟೂದು ಖಾನಾಪುರ ತಾಲೂಕಿನ ದೇಗಾಂವ್ ಹತ್ತರ ಭೀಮಗಡದ ಅಡವ್ಯಾಗ ಅಂತ ಎಲ್ಲಾ ಕಡೆ ಬರೀತಾರ. ಗವಾಳಿ, ಚಾಪೋಲಿ ಊರ ನಡುವ ಒಮ್ಮೆಲೆ ವಜ್ರಪೋಹಾ ಅಂತ ಧುಮಕಿ ಗೋವಾದ ಸತ್ತರಿ ತಾಲೂಕಿಗೆ ಇಳೀತೈತಿ. ಆದ್ರ ಅದರ ಜೋಡಿ ಹೋಗಿ ಕೂಡಾವು ಒಂದಾ ಎರಡಾ? ಬಂಡೂರಿ, ಸಿಂಗಾರ, ಪೋಟ್, ಬೈಲ್, ಕೋಟ್ನಿ, ಅಂಧೇರ್. ಇತ್ತ ಕಡೆಯಿಂದ ಕಳಸಾ, ಹಳತರಾ, ಸುರ್ಲಾ. ಗೋವಾದೊಳಗ ರಗಾಡಾ, ಸಾಂಖಳಿ ಊರಾಗ ಹರಿಯೂ ವಾಳವಂಟಿ, ಡಿಚೋಲಿ ಹೊಳಿ, ಸಮುದ್ರದ ಹತ್ತರ ಮಾಪ್ಸಾ ಹೊಳಿ. ಇವುಗಳೊಳಗ ಭೀಮಗಡದ್ದೇ "ಮೂಲ", ಉಳದಾವು "ಉಪನದಿ" ಅಂತ ಯಾಕ? ಉದ್ದಕ್ಕೋ, ನೀರಿನ ಪ್ರಮಾಣಕ್ಕೋ, ಇಲ್ಲಾ ಆ ದಂಡಿ ಮಂದಿ ಹೆಸರು ಗಟ್ಟಿ ಹಿಡದದ್ದಕ್ಕೋ.

ಖಾಂಡೇಪಾರ್ ಹೊಳಿದ ಪ್ರಸಂಗನ ನೋಡ್ರಿ. ದೂಧಸಾಗರ ಜಲಪಾತ ಗೊತ್ತಿಲ್ಲದಾವ್ರು ಯಾರದಾರ, 310 ಮೀಟರ್ ಎತ್ತರದಿಂದ ಬೀಳೂದು, ಕ್ಯಾಸಲ್‌ರಾಕ್ ದಾಟಿದ ಮ್ಯಾಲೆ ರೈಲು ಅದರ ಮುಂದ ಹಾದು ಹೋಗ್ತೈತಿ, ಹುಬ್ಬಳ್ಳಿ ಧಾರವಾಡ ಬೆಳಗಾವಿ ಕಾಲೇಜು ಹುಡುಗ್ರ ಅರ್ಧ ಫೋಟೋ ಅಲ್ಲೇ ತಗದಿರ್ತಾವ. ಆ ನೀರು ಮ್ಯಾಲೆ ದೂಧಸಾಗರ ಹೊಳಿ, ಕೆಳಗ ಹೋದ್ರ ಖಾಂಡೇಪಾರ್ ಹೊಳಿ. ಓಪಾ ಅನ್ನೂ ಊರಾಗ ಅದರ ನೀರು ಎತ್ತಿ ಪಣಜಿ, ಫೋಂಡಾ ಮಂದಿಗೆ ಕುಡ್ಯಾಕ ಕೊಡ್ತಾರ. ಕೊನಿಗೆ ಅದೂ ಹೋಗಿ ಮಾಂಡೋವಿಗೆ ಕೂಡ್ತೈತಿ. (ಮಾಂಡೋವಿ ಅಂದ್ರ ಮಹದಾಯಿನೇ, ಗೋವಾದಾಗ ಕೆಳಗ ಹೋದ ಮ್ಯಾಲೆ ಅದಕ್ಕ ಆ ಹೆಸರು.) ಇಷ್ಟು ದೊಡ್ಡ ಹೊಳಿ ಲೆಕ್ಕದಾಗ ಬರೇ ಉಪನದಿ! ಇದೇ ದೂಧಸಾಗರದ ಮ್ಯಾಲಿನ ಕಾಟ್ಲಾ, ಪಾಳ್ನಾ ಅನ್ನೂ ಎರಡು ಹಳ್ಳದ ನೀರನ್ನ ಕಾಳಿ ಹೊಳಿಯ ಸೂಪಾ ಡ್ಯಾಮಿಗೆ ತಿರಗಸೂದು ಅಂತ ನಮ್ಮ ಸರ್ಕಾರ ಕೇಳಿತ್ತು, ಆಗಲಿಲ್ಲ. ಕಾಟ್ಲಾ-ಪಾಳ್ನಾ ಅಂತ ಯಾರರ ಘೋಷಣೆ ಕೂಗಿದ್ದು ಕೇಳೀರೇನು? ಇಲ್ಲ. ಅದರ ನೀರು ನಮ್ಮ ಹೊಲದ ಕಡೆ ಬರೂದಲ್ಲ, ಕರೆಂಟಿನದು. ಹೊಲಕ್ಕ ಬರದ ಹಳ್ಳದ ಹೆಸರು ಬಾಯಿಗೂ ಬರೂದಿಲ್ಲ.

ಲೆಕ್ಕಕ್ಕೊಮ್ಮೆ ಬಂದು ಹೋಗೂಣು, ಹೆಚ್ಚು ಹೊತ್ತು ನಿಲ್ಲೂದು ಬ್ಯಾಡ. ಮಹದಾಯಿ ಕೊಳ್ಳ ಒಟ್ಟು 2032 ಚದರ ಕಿಲೋಮೀಟರ್, ಅದರಾಗ ಗೋವಾದ್ದು 1580, ನಮ್ಮದು 375, ಮಹಾರಾಷ್ಟ್ರದ್ದು 77. 2002ರ ಹೊತ್ತಿಗೆ ಕರ್ನಾಟಕ ಕೇಳಾಕ ಹತ್ತಿದ್ದು ಕಳಸಾದಿಂದ 3.56 ಟಿಎಂಸಿ, ಬಂಡೂರಿಯಿಂದ 4 ಟಿಎಂಸಿ, ಒಟ್ಟು 7.56. 2010ರಾಗ ಈ ನೀರಿನ ಜಗಳ ಹರಸಾಕ ನ್ಯಾಯಮಂಡಳಿ ಆತು, 2018ರ ಆಗಸ್ಟ್ 14ಕ್ಕ ತೀರ್ಪು ಬಂತು. ಪೇಪರಿನ್ಯಾಗ "ಕರ್ನಾಟಕಕ್ಕ 13.42 ಟಿಎಂಸಿ" ಅಂತ ದಪ್ಪ ಅಕ್ಷರದಾಗ ಬಂದಾಗ ನಮ್ಮೂರ ಕಟ್ಟಿ ಮ್ಯಾಲೆ ಪೇಡೆ ಹಂಚಿದ್ರು. ಬಿಡಿಸಿ ನೋಡಿದ್ರ 8.02 ವಿದ್ಯುತ್ತಿಗೆ, ಅದು ತಿರುಗಿ ಹೊಳಿಗೇ ಹೋಗೂ ನೀರು. 1.50 ಅಲ್ಲೇ ಕೊಳ್ಳದ ಮಂದಿ ಬಳಕೆಗೆ. ಮಲಪ್ರಭಾಕ್ಕ ತಿರಗಸೂದು ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿದ್ರ 3.90. ನವಿಲುತೀರ್ಥದಾಗ ಮಲಪ್ರಭಾಕ್ಕ ಕಟ್ಟಿದ ರೇಣುಕಾಸಾಗರ ಡ್ಯಾಮು ತುಂಬಾಕ ಬೇಕಾಗೂದು 37 ಟಿಎಂಸಿ ಮ್ಯಾಲೆ. ನೋಡ್ರಿ, ತೀರ್ಪಿನ್ಯಾಗರ ಕಳಸಾಕ್ಕ ಬ್ಯಾರೆ ಅಂಕಿ, ಬಂಡೂರಿಗೆ ಬ್ಯಾರೆ ಅಂಕಿ ಕೊಟ್ಟಾರ. ನಡುವಿನ ಗೆರಿ ಅವರು ಅಳಿಸಿಲ್ಲ.

(ಇಲ್ಲಿ ಯಾರರ "ಹಂಗಾದ್ರ ನೀವು ಗೋವಾ ಪರನೋ ಕರ್ನಾಟಕ ಪರನೋ" ಅಂತ ಕೇಳೇ ಕೇಳ್ತಾರ. ಹುಬ್ಬಳ್ಳಿ ಧಾರವಾಡದ ಓಣ್ಯಾಗ ವಾರಗಟ್ಟಲೆ ನಳ ಬರದ್ದು ಕಂಡೇನಿ, ಕುಡ್ಯಾಕ ನೀರು ಬೇಕು ಅನ್ನೂದ್ರಾಗ ಎರಡು ಮಾತಿಲ್ಲ. ಆದ್ರ ಆ ನೀರಿನ ಹೆಸರು ಹೇಳ್ಕೊಂಡು ಕಬ್ಬು ಹಚ್ಚಾವ್ರ ಪರ ನಾ ಅಲ್ಲ.)

ಫೆರಿ ಮ್ಯಾಲೆ

ಪಣಜಿಗೆ ಹೋದಾಗೆಲ್ಲಾ ರಿಬಂದರದಿಂದ ಚೊಡಣ ದ್ವೀಪಕ್ಕ ಹೋಗೂ ಫೆರಿ ಹತ್ತೂದು ನನ್ನ ಹುಚ್ಚು. ಆ ಕಡೆ ಸಲೀಂ ಅಲಿ ಹೆಸರಿನ ಪಕ್ಷಿಧಾಮ ಐತಿ, ಕಾಂಡ್ಲಾ ಗಿಡದ ಅಡವಿ. ನನಗ ಹಕ್ಕಿಗಿಂತ ನೀರು ನೋಡೂದ ಹೆಚ್ಚು. ಇಷ್ಟು ಅಗಲ ನೀರು, ಉಬ್ಬರ ಬಂದ್ರ ಹಿಂದಕ್ಕ ಹರಿಯೂ ನೀರು, ನಮ್ಮಂಥ ಬಯಲುಸೀಮಿಯವಗ ಎಷ್ಟು ನೋಡಿದ್ರೂ ತಲಿಗೆ ಹತ್ತೂದಿಲ್ಲ. ಒಮ್ಮೆ ಹಂಗ ಫೆರಿ ಕಟಾಂಜನ ಹಿಡದು ನಿಂತಾಗ ಬಾಜೂಕ ಸ್ಕೂಟರ್ ಹಚ್ಚಿ ನಿಂತಿದ್ದ ಒಬ್ರು ಮಾತಾಡ್ಸಿದ್ರು. ವಯಸ್ಸಾದವ್ರು, ಚೊಡಣದವ್ರೇ, ಚೀಲದಾಗ ಕಾಯಿಪಲ್ಲೆ. ಮುಂಜಾನೆ ಬೆಳಗಾವಿಯಿಂದ ಬಂದ ಕಾಯಿಪಲ್ಲೆ ಇರಬೇಕು, ಗೋವಾದ ಮನಿ ಒಲಿ ಹತ್ತೂದು ನಮ್ಮ ಬದನಿಕಾಯಿ ಕೊತಂಬರಿ ಮ್ಯಾಲೆ. ಹಿಂದಿ ಮರಾಠಿ ಕೂಡಿಸಿ ಮಾತಾಡಿದ್ವಿ. ಮಾಂಡೋವಿಯೊಳಗ ಮೊದಲು ಅದಿರಿನ ಬಾರ್ಜು ಹೆಂಗ ಸಾಲ ಹಿಡದು ಹೋಗ್ತಿದ್ವು, ಮಾಂಡೋವಿ ಸೇತುವಿ 1986ರಾಗ ಬಿದ್ದಾಗ ಫೆರಿಗೆ ಎಷ್ಟು ಗದ್ದಲ, ಈಗ ಮಾಂಡೋವಿ ತುಂಬ ಕ್ಯಾಸಿನೋ ಹಡಗ. ಎಲ್ಲಾ ಮಾಂಡೋವಿ, ಮಾಂಡೋವಿ.

ಆಮೇಲೆ "ಯಾವ ಊರು?" ಅಂದ್ರು. "ಬೆಳಗಾವಿ" ಅಂದೆ. ಮುಖದಾಗ ಸಣ್ಣ ನಗಿ ಬಂತು. "ಹಂಗಾದ್ರ ನಮ್ಮ ಮ್ಹಾದೈ ಒಯ್ಯಾವ್ರು ನೀವ ಏನಪಾ!"

ಚ್ಯಾಷ್ಟಿಗೆ ಅಂದದ್ದು, ಆದ್ರೂ ನೋಡ್ರಿ, ಕಾಲ ಕೆಳಗಿನ ಅದೇ ನೀರು, ಅರ್ಧ ನಿಮಿಷದ ಹಿಂದ ಮಾಂಡೋವಿ ಇದ್ದದ್ದು ಜಗಳದ ಮಾತು ಬಂದ ಕೂಡ್ಲೆ ಮ್ಹಾದೈ ಆತು. ಮಾಂಡೋವಿ ಒಯ್ತೀರಿ ಅಂತ ಅವರು ಅನ್ನಲಿಲ್ಲ. ನಾ ಅವತ್ತಿನಿಂದ ಗಮನಿಸೇನಿ, ಗೋವಾದಾಗ ಗ್ವಾಡಿ ಮ್ಯಾಲೆ ಬರಿಯೂದು, ಮೆರವಣಿಗ್ಯಾಗ ಕೂಗೂದು ಎಲ್ಲಾ ಮ್ಹಾದೈ ಉಳಸ್ರಿ ಅಂತನ. ಅಲ್ಲಿಯ ಅಭಯಾರಣ್ಯಕ್ಕ 1999ರಾಗ ಇಟ್ಟ ಹೆಸರೂ ಮ್ಹಾದೈ. ಪಣಜಿ ಮಂದಿ ದಿನಾ ನೋಡೂದು ಮಾಂಡೋವಿ, ಸಿಟ್ಟಿಗೇಳೂದು ಮ್ಹಾದೈ ಸಲುವಾಗಿ. ನಾವು ದಿನಾ ನೋಡೂದು ಮಲಪ್ರಭಾ, ಸಿಟ್ಟಿಗೇಳೂದು ಕಳಸಾ-ಬಂಡೂರಿ ಸಲುವಾಗಿ. ಎರಡೂ ಕಡೆ ಜಗಳದ ಹೆಸರು ಬ್ಯಾರೆ, ಜಳಕದ ಹೆಸರು ಬ್ಯಾರೆ. ಮತ್ತ ಎರಡೂ ಕಡೆ ಹೋರಾಟಕ್ಕ ಹಿಡದದ್ದು ತಾವು ಕಣ್ಣಿಲೆ ಕಂಡಿರದ, ಘಟ್ಟದ ಮ್ಯಾಲಿನ ಹೆಸರು.

ಮಹದಾಯಿ ಎಲ್ಲಿ ಮುಗದು ಮಾಂಡೋವಿ ಎಲ್ಲಿ ಚಾಲೂ ಆಗ್ತೈತಿ ಅಂತ ಗೆರಿ ಹೊಡದು ತೋರಸೂ ಹಂಗಿಲ್ಲ. ಸಮುದ್ರದಿಂದ ಸುಮಾರು 50 ಕಿಲೋಮೀಟರ್ ಒಳಗ, ಗಾಂಜೆ ಅನ್ನೂ ಊರಿನ ತನಕ ಉಬ್ಬರ-ಇಳಿತ ಮುಟ್ಟತೈತಿ. ಅಲ್ಲಿಂದ ಕೆಳಗ ಹೊಳಿ ಗುಣನ ಬದಲಾಗ್ತೈತಿ, ದೋಣಿ ನಡೀತಾವ, ಮೀನು ಬ್ಯಾರೆ, ದಂಡಿ ಮ್ಯಾಲಿನ ಗಿಡ ಬ್ಯಾರೆ. ಮಾಂಡೋವಿ ಅನ್ನೂದು ಈ ಕೆಳಗಿನ ಹೊಳಿದು, ಬಂದರಿನದು, ವ್ಯಾಪಾರದ್ದು. ನಮ್ಮ ಕಡೆ ಮದವಿ ಆದ ಹೆಣ್ಣಮಗಳಿಗೆ ಗಂಡನ ಮನ್ಯಾಗ ಬ್ಯಾರೆ ಹೆಸರು ಇಡೂದು ಇತ್ತಲ್ಲ, ತವರಿನವ್ರು ಮಾತ್ರ ಸಾಯೂತನಕ ಹಳೇ ಹೆಸರಿಲೆ ಕರಿಯೂದು, ಹಂಗ ಐತಿ ಇದು. ಫರಕ್ ಒಂದ, ಇಲ್ಲಿ ಜಗಳ ಬಂದಾಗ ಗಂಡನ ಮನಿಯವ್ರೂ ತವರಿನ ಹೆಸರಿಲೇ ಕರದು ಅಳ್ತಾರ.

ಹಿಂಗ ಅಂದ್ರ ಘಟ್ಟದ ಮ್ಯಾಲಿನವ್ರು ಕೆಳಗಿನವ್ರು ಯಾವಾಗ್ಲೂ ಪರಕೀಯರ ಇದ್ರು ಅಂತ ತಿಳಕೋಬ್ಯಾಡ್ರಿ. ಖಾನಾಪುರ ತಾಲೂಕಿನ ಹಲಸಿಗೆ ಹೋದಾವ್ರಿಗೆ ಭೂವರಾಹ ನರಸಿಂಹ ಗುಡಿ ಗೊತ್ತಿರ್ತೈತಿ. ಆ ಊರು ಗೋವಾ ಕದಂಬರ ಎರಡನೇ ರಾಜಧಾನಿ. ಅದೇ ಕದಂಬರ ಕಾಲದ ಮಹಾದೇವ ಗುಡಿ ಘಟ್ಟದ ಕೆಳಗ ತಾಂಬಡಿ ಸುರ್ಲಾದಾಗ, ರಗಾಡಾ ಹೊಳಿ ದಂಡಿಗೆ, ಸುತ್ತೂ ಕಡೆ ಅಡವಿ ನಡುವ ಕುಂತೈತಿ. ಹೊಳಿ ಹುಟ್ಟೂದು ಒಂದು ರಾಜ್ಯ, ಮುಟ್ಟೂದು ಇನ್ನೊಂದು ರಾಜ್ಯ ಅನ್ನೂ ತಂಟೆನೇ ಅವರಿಗಿರಲಿಲ್ಲ. ಅವರಾಗಿ ಎಷ್ಟೋ ಕಾಲದ ಮ್ಯಾಲೆ ವಿಜಯಪುರದ ಆದಿಲ್‌ಶಾಹಿ. ಪಣಜಿಯೊಳಗ ಮಾಂಡೋವಿ ದಂಡಿಗೆ ಹಳೇ ಸೆಕ್ರೆಟರಿಯೇಟ್ ಅಂತ ಒಂದು ಉದ್ದ ಬಿಳಿ ಕಟ್ಟಡ ಐತಿ, ಎದುರಿಗೆ ಕ್ಯಾಸಿನೋದ ಬೆಳಕು. ಅದು ಮೂಲದಾಗ ಯೂಸುಫ್ ಆದಿಲ್ ಶಾಹನ ಅರಮನಿ. 1510ರಾಗ ಪೋರ್ಚುಗೀಸರು ಗೋವಾ ಹಿಡದ ಮ್ಯಾಲೆ ಅದಕ್ಕ ಇದಾಲ್ಕಾವ್ ಅರಮನಿ ಅಂದ್ರು, ಆದಿಲ್ ಖಾನ್ ಅನ್ನೂ ಹೆಸರು ಅವರ ನಾಲಿಗೆಗೆ ಹತ್ತಿದ್ದು ಹಂಗ. ಗೋಳಗುಮ್ಮಟದ ಮುಂದ ಟಾಂಗಾ ಹತ್ತಿದ್ರ ಎಲ್ಲಾ ಕತಿ ಹೇಳ್ತಾರ, ಈ ಊರಿನ ಸುಲ್ತಾನಂದು ಮಾಂಡೋವಿ ದಂಡಿಗೆ ಒಂದು ಮನಿ ಇತ್ತು ಅನ್ನೂದು ಮಾತ್ರ ಯಾರೂ ಹೇಳೂದಿಲ್ಲ. ಡೋಣಿ ಹೊಳಿ ಉಪ್ಪ ನೀರಿನ ಸೀಮಿ ಊರಿಗೆ ಮಾಂಡೋವಿ ದಂಡಿ ಮನಿ, ಚಲೋ ಇತ್ತು ಸಂಬಂಧ.

ಬೆಣ್ಣಿ, ತುಪ್ಪ

2023ರಾಗ ಕೇಂದ್ರದವ್ರು ಮಹದಾಯಿ ತೀರ್ಪು ಜಾರಿ ಮಾಡಾಕ ಒಂದು ಪ್ರಾಧಿಕಾರ ಮಾಡಿದ್ರು. ಇಂಗ್ಲಿಷಿನ್ಯಾಗ ಉದ್ದಕ್ಕ ಏನೋ ಹೆಸರು, ಮೊದಲಿನ ಅಕ್ಷರ ಕೂಡಿಸಿದ್ರ "ಪ್ರವಾಹ". ದಿಲ್ಲಿಯವ್ರಿಗೆ ಹರಿಯೂ ನೀರು ಅಂತ ಚಂದ ಕೇಳ್ಸಿರಬೇಕು. 2019ರ ಆಗಸ್ಟಿನ್ಯಾಗ ನವಿಲುತೀರ್ಥದಿಂದ ಬಿಟ್ಟ ನೀರಿನ್ಯಾಗ ಪಟ್ಟದಕಲ್ಲಿನ ಗುಡಿ ನಿಂತದ್ದು, ದಂಡಿ ಊರಿನವ್ರು ಕೈಗೆ ಸಿಕ್ಕದ್ದು ಹೊತ್ಕೊಂಡು ದಿಬ್ಬ ಹತ್ತಿದ್ದು ಕಂಡ ನಮ್ಮ ಮಂದಿ ಮುಂದ ಆ ಹೆಸರು ಹೇಳಿ ನೋಡ್ರಿ. ನಮ್ಮ ಕಾಕಾ ಟಿವಿ ನೋಡಿ "ಈಗ ಪ್ರವಾಹಕ್ಕೂ ಆಫೀಸು ತಗದ್ರೇನು" ಅಂದ, ಅದರ ಆಫೀಸು ಪಣಜಿಯೊಳಗ ಅಂದಾಗ ಇನ್ನಷ್ಟು ನಕ್ಕ.

ಕಾಕಾನ ಕೂಡ ಕುಂತಾಗನ ಇನ್ನೊಂದು ವಿಚಾರ ಬಂದದ್ದು. ಆಗಲಿ, ಮಹದಾಯಿ ಬಳಗದ ಹೆಸರು ಘೋಷಣೆಯಿಂದ ಕಲತ್ವಿ, ಮಲಪ್ರಭಾಕ್ಕ ಖರೇನ ಕೂಡೂ ಹಳ್ಳಗಳ ಹೆಸರು ಎಷ್ಟು ಮಂದಿಗೆ ಬರ್ತಾವ? ಬೆಣ್ಣಿಹಳ್ಳ ಐತಿ, ತುಪ್ಪರಿಹಳ್ಳ ಐತಿ, ಹಿರೇಹಳ್ಳ ಐತಿ. ಧಾರವಾಡ, ಹಾವೇರಿ ಕಡೆ ಎರಿ ಹೊಲದ ನೀರೆಲ್ಲಾ ಬಳಕೊಂಡು ಬಂದು ಡ್ಯಾಮಿನ ಕೆಳಗ ಮಲಪ್ರಭಾಕ್ಕ ಮುಟ್ಟಾವು. ಹೆಸರು ಕೇಳಿದ್ರ ಬೆಣ್ಣಿ, ತುಪ್ಪ, ಊಟಕ್ಕ ಕರದಂಗ. ಮಳಿಗಾಲದಾಗ ನವಲಗುಂದ, ರೋಣ ಕಡೇವ್ರನ್ನ ಕೇಳ್ರಿ, ರಾತ್ರೋರಾತ್ರಿ ಬೆಳಿ ಕೊಚ್ಚಿ ಒಯ್ಯೂದು, ರಸ್ತೆ ನುಂಗೂದು, ಎತ್ತು ಚಕ್ಕಡಿ ಸಮೇತ ಎಳಕೊಂಡು ಹೋಗೂದು ಇದೇ ಬೆಣ್ಣಿಹಳ್ಳ. ಬ್ಯಾಸಗಿ ಬಂದ್ರ ಅದೇ ಹಳ್ಳದಾಗ ದನ ಕುಡ್ಯಾಕ ನೀರಿರೂದಿಲ್ಲ. ಅದನ್ನ ಹಿಡದು ನಿಲ್ಲಸೂ ಮಾತು ವರ್ಷಾ ಬರ್ತೈತಿ, ವರ್ಷಾ ಹೋಗ್ತೈತಿ. 1980ರ ಜುಲೈ 21ಕ್ಕ ನರಗುಂದ ನವಲಗುಂದದಾಗ ರೈತ್ರು ಗುಂಡಿಗೆ ಬಿದ್ರು, ಅದು ಮಲಪ್ರಭಾ ಕಾಲುವಿ ಕರದ ಜಗಳ, ನೀರು ಬರದ ಹೊಲಕ್ಕೂ ತೆರಿಗಿ ಹಾಕಿದ್ದಕ್ಕ. 2015ರಾಗ ಅದೇ ನೆಲದಿಂದ ಮತ್ತ ಹೋರಾಟ ಎದ್ದಾಗ ಕೂಗು ಘಟ್ಟದ ಮ್ಯಾಲಿನ ಎರಡು ಹಳ್ಳದ್ದಿತ್ತು. ಮನಿ ಮುಂದ ಹರಿಯೂ ಬೆಣ್ಣಿಹಳ್ಳ ಯಾವ ಬ್ಯಾನರಿನ್ಯಾಗೂ ನಾ ಕಾಣಲಿಲ್ಲ. ದೂರದ ನೀರು ಕೇಳೂದು ಸರಳ, ಸಿಟ್ಟು ಮಾಡಾಕ ಗೋವಾ ಸಿಗ್ತೈತಿ. ಬೆಣ್ಣಿಹಳ್ಳದ ಬಗ್ಗೆ ಯಾರ ಮ್ಯಾಲೆ ಸಿಟ್ಟು ಮಾಡೂದು? ಹಳ್ಳದ ಪಾತ್ರ ಒತ್ತಿ ಉಳಿಮಿ ಮಾಡಿದಾವ ನಮ್ಮ ಮಾವನ ಇರ್ತಾನ.

ಹಿಂಗಾಗಿ ಈಗ ಊರಿಗೆ ಹೋದಾಗ ಒಂದು ಹಳೇ ಡೈರಿ ಒಯ್ತೇನಿ. ನಮ್ಮ ಊರ ಸೀಮ್ಯಾಗ ಹೊಳಿಗೆ ಬೀಳೂ ಹಳ್ಳ, ಕೊಳ್ಳ, ಸರುವು ಎಷ್ಟು, ಯಾರು ಏನಂತಾರ ಅಂತ ಬರಕೋತೇನಿ. ಹಿರ್ಯಾರಿಗೆ ಖುಷಿ, ಹುಡುಗ್ರಿಗೆ ನಗಿ. ಒಂದು ಹಳ್ಳಕ್ಕ ಬಂದಾಗ ನಮ್ಮ ಕಾಕಾ ಮತ್ತ ಅವನ ದಾಯಾದಿ ನಡುವ ತಕರಾರು ಬಿತ್ತು. ಕಾಕಾ ಅದನ್ನ ಗೌಡ್ರ ಹಳ್ಳ ಅಂತಾನ, ಯಾಕಂದ್ರ ಅವನ ಹೊಲ ಇರೂದು ಕೆಳಗ, ಅಲ್ಲಿ ಗೌಡ್ರ ಬಾವಿ ಐತಿ. ದಾಯಾದಿ ಹೊಲ ಮ್ಯಾಲೆ, ಅಂವ ಅದನ್ನ ಜಾಲಿಹಳ್ಳ ಅಂತಾನ, ಗೌಡ್ರಿಗೂ ಅದಕ್ಕೂ ಏನ್ ಸಂಬಂಧ ಅಂತಾನ. ಇಬ್ಬರೂ ಬಾಂದಿನ ಹಳೇ ಜಗಳ ಎಲ್ಲಾ ತಗದು ಇದರಾಗ ಹಾಕಿದ್ರು. ಚಾ ಆರಿ ಹೋತು. ಕೊನಿಗೆ ಮನಿಯೊಳಗಿನ ಟ್ರಂಕಿನಿಂದ ಕಾಗದಪತ್ರ ತಗಸಿ, ಊರ ನಕಾಶಿ ಹಾಸಿ, ಸರ್ವೇ ನಂಬರ್ ಹಿಡದು ಬೆರಳ ಸರಿಸ್ಕೋತ ಹೋಗಿ ನೋಡಿದ್ರ, ಎರಡೂ ಹೊಲದ ನಡುವ ಹಾದು ಹೋಗೂ ಗೆರಿ ಮ್ಯಾಲೆ ಬರೇ "ಹಳ್ಳ" ಅಂತ ಬರದಿತ್ತು. ನೋಡಿದ್ಯಾ ಜಾಲಿ ಅಂತಿಲ್ಲ ಅಂದ ಕಾಕಾ. ಗೌಡ್ರೂ ಇಲ್ಲಲಾ ಅಂದ ದಾಯಾದಿ. ಡೈರ್ಯಾಗ ನಾ ಎರಡೂ ಹೆಸರು ಬರಕೊಂಡೇನಿ, ನಡುವ ಗೆರಿ ಹಾಕಿಲ್ಲ.